ರಾಣಿಗೆ ದಿನಾ ಮದುವೆಯಾದ ಶ್ರಾವಣ

ಆ ಸುದ್ದಿ ಬಂದಾಗ ನಾನು ಹುರಿದ ಶೇಂಗಾ ಮೊರಕ್ಕೆ ಹಾಕಿಕೊಂಡು ಸಿಪ್ಪೆ ಹಾರಿಸುತ್ತಿದ್ದೆ. ಆಷಾಢದ ಗಾಳಿ. ಮೊರ ಎತ್ತಿದರೆ ಸಾಕು, ಕೆಂಪು ಸಿಪ್ಪೆ ತಾನೇ ಎದ್ದು ಹಲವು ಮನೆಗಳ ನಮ್ಮ ವಾಡೆಯ ಅಂಗಳದ ತುಂಬ ಹರಡುತ್ತಿತ್ತು. ಎದುರು ಮನೆಯ ಕಾಶೀಬಾಯಿ ಬೀಡಿ ಕಟ್ಟುತ್ತ ಕೂತವಳು ತಂಬಾಕಿನ ಮೇಲೆ ಸೆರಗು ಮುಚ್ಚಿಕೊಂಡು ನನ್ನನ್ನು ಮರಾಠಿಯಲ್ಲಿ ಬೈಯುತ್ತಿದ್ದಳು. ಅಷ್ಟರಲ್ಲಿ ಅತ್ತೆಮನೆಯ ಊರು ನಾಗಣಸೂರಿನಿಂದ ನಮ್ಮ ಭಾವ, ಗಂಡನ ಅಣ್ಣ, ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತರು.

"ನೀಲವ್ವ, ನಾಳಿ ಅಪ್ಪನ್ನ ಕರಕೊಂಡು ಬರಾಕತ್ತೀವಿ. ಉಳಿದಿದ್ದ ಒಂದ ಕಣ್ಣು, ಅದಕ್ಕೂ ಪರಿ ಬಂದೈತಿ. ನಿನ್ನಿ ಕುರಿ ಹಟ್ಟ್ಯಾಗ ಕಂಬಕ್ಕ ಹಾಯ್ದು ಹಣಿ ಒಡಕೊಂಡಾನ. ದೊಡ್ಡ ದವಾಖಾನ್ಯಾಗ ಆಪರೇಶನ್ ಮಾಡಸೂದ."

ನಾನು ಮೊರ ಕೆಳಗಿಟ್ಟೆ. ಮಾವನ ಎಡಗಣ್ಣು ಹೋಗಿ ಬಹಳ ವರ್ಷವಾಗಿತ್ತು. ಊರೂರು ತಿರುಗಿ ಕಣ್ಣಿಗೆ ಸೂಜಿ ಹಾಕುವವನೊಬ್ಬ ಮೋತಿಬಿಂದು, ಅದೇ ಕಣ್ಣಿನ ಪೊರೆ, ತೆಗೆಯುತ್ತೇನೆಂದು ಬಂದು, ಚುಚ್ಚಿ, ಇದ್ದ ಬೆಳಕನ್ನೇ ಕಳೆದು ಹೋಗಿದ್ದ. ಅಲ್ಲಿಂದ ಬಲಗಣ್ಣು ಒಂದರ ಮೇಲೇ ಕುರಿ, ಹೊಲ, ಪುರಾಣದ ಪೋಥಿ ಎಲ್ಲ ನಡೆದಿತ್ತು. ಇದೂ ಕೆಟ್ಟರೆ ಆ ಮನುಷ್ಯನಿಗೆ ಹಗಲೇ ಇಲ್ಲ.

ಇದೆಲ್ಲ ಎಷ್ಟೋ ವರ್ಷದ ಹಿಂದಿನ ಮಾತು. ಹೋದ ತಿಂಗಳು ನನ್ನ ಕಣ್ಣಿಗೇ ಆಪರೇಶನ್ ಆಯಿತು. ಈಗ ಅದೇನು, ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ಮೊಮ್ಮಗಳು ಒದ್ದೆ ಹತ್ತಿಯಿಂದ ನನ್ನ ರೆಪ್ಪೆ ಒರೆಸುವಾಗ ಔಷಧಿಯ ವಾಸನೆ ಮೂಗಿಗೆ ಬಂತು ನೋಡಿ, ಆ ಶ್ರಾವಣ ಇಡಿಯಾಗಿ ಎದುರು ಬಂದು ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಅಕ್ಕಲಕೋಟೆಯಲ್ಲಿ. ನಮ್ಮಪ್ಪ ಅಲ್ಲಿಯ ಕನ್ನಡ ಸಾಲಿಯ ಸಿಪಾಯಿ. ಗಂಟೆ ಹೊಡೆಯುವುದು, ನೀರು ತುಂಬುವುದು, ಪುಸ್ತಕದ ಕಪಾಟಿನ ಕೀಲಿ ಕಾಯುವುದು ಅವನ ಕೆಲಸ. ಕುರಿ ಕಾಯುವವರ ಮನೆತನದ ಹುಡುಗಿಗೆ ಓದಿನ ರುಚಿ ಹತ್ತಿದ್ದು ಆ ಕೀಲಿಯ ದಯೆಯಿಂದ. ಬ್ಯಾಸಿಗಿ ಸೂಟಿಯಲ್ಲಿ ಕಪಾಟಿನ ಮುಂದೆ ಕೂತರೆ ಅವ್ವ ಬಂದು ಜಡೆ ಹಿಡಿದು ಎಬ್ಬಿಸಬೇಕು. ಪುಸ್ತಕ ಮುಗಿದರೆ ಪುಟಾಣಿ ಕಟ್ಟಿಕೊಂಡು ಬಂದ ಕಾಗದವಾದರೂ ಸರಿ, ಓದಿಯೇ ಒಲೆಗೆ ಹಾಕುತ್ತಿದ್ದೆ.

ಮದುವೆಯಾಗಿ ಸೊಲ್ಲಾಪುರಕ್ಕೆ ಬಂದೆ. ನಮ್ಮ ಮನೆಯವರು ಮಿಲ್ಲಿನಲ್ಲಿ ಸಾಂಚಾ, ಅಂದರೆ ಮಗ್ಗ, ನಡೆಸುವವರು. ಮನೆಯಲ್ಲಿ ಮಾತು ಕನ್ನಡ, ಆದರೆ ಅವರು ಕಲಿತದ್ದು ಮರಾಠಿ ಸಾಲಿ. ಕನ್ನಡ ಅಕ್ಷರ ತೋರಿಸಿದರೆ "ಇದೇನು ಜಿಲೇಬಿ ಸುತ್ತಿಟ್ಟೀರಿ" ಎಂದು ನಗುತ್ತಿದ್ದರು. ಎರಡು ಮಕ್ಕಳಾದವು. ಓದಲು ಪುಸ್ತಕ ಸಿಗದೆ ಓದು ಬಿಟ್ಟಿತೆಂದು ನಾನು ತಿಳಿದಿದ್ದೆ, ಅದು ಸುಳ್ಳು. ತವರಿಗೆ ಹೋದಾಗ ಅಪ್ಪ ಕಪಾಟು ತೆಗೆದುಕೊಟ್ಟ. ಒಂದು ಪುಟ ಓದಿದೆ, ತಲೆಗೆ ಏನೂ ಇಳಿಯಲಿಲ್ಲ. ಎರಡನೆಯ ಸಲ ಓದಿದೆ. ಕಣ್ಣು ಸಾಲಿನ ಮೇಲೆ, ಮನಸ್ಸು ಎಲ್ಲೋ. ಜ್ವರ ಬಿಟ್ಟ ನಾಲಿಗೆಗೆ ಅನ್ನ ಸಪ್ಪಗಾಗುತ್ತದಲ್ಲ, ಹಾಗೆ. ಪುಸ್ತಕ ತಿರುಗಿ ಕೊಟ್ಟೆ. ಅಪ್ಪ ಅದನ್ನು ಒಳಗಿಟ್ಟು ಕೀಲಿ ಹಾಕಿದ. ಅದಾಗಿ ಎರಡು ವರ್ಷ ಒಂದು ಪುಸ್ತಕ ಮುಟ್ಟಿರಲಿಲ್ಲ. ದುಃಖವೇನೂ ಇರಲಿಲ್ಲ. ಮನೆ, ಮಕ್ಕಳು, ಗಂಡ, ಸಿದ್ಧೇಶ್ವರನಿಗೆ ಸೋಮವಾರದ ಒಂದು ಕಾಯಿ. ಅಷ್ಟಿದ್ದರೆ ಸಾಕೆನ್ನುವವಳೇ ನಾನು.

ಮಾವನ ಆಪರೇಶನ್ ನೆಟ್ಟಗಾಯಿತು. ಶ್ರಾವಣ ಹಿಡಿಯುವ ಹೊತ್ತಿಗೆ ಮಾವನನ್ನು ನಮ್ಮ ಮನೆಗೆ ಕರೆತಂದರು. ಜೊತೆಗೆ ಅತ್ತಿ. ಎರಡೂ ಕಣ್ಣಿಗೆ ಸೇರಿಸಿ ಬಿಳಿ ಪಟ್ಟಿ. ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದ್ದರು: ಕೆಮ್ಮಬಾರದು, ಬಗ್ಗಬಾರದು, ಗಟ್ಟಿ ಪದಾರ್ಥ ಅಗಿಯಬಾರದು, ಜೋರಾಗಿ ನಗಬಾರದು. ಎಲ್ಲಕ್ಕಿಂತ ಮೊದಲು, ಅಳಬಾರದು. ಒಳಗಿನ ಹಸಿಗಾಯ ಬಿರಿದರೆ ಕಣ್ಣು ಹೋದಂತೆಯೇ.

ಅಳಲು ಈ ಮನುಷ್ಯನಿಗೇನಿದೆ ಎಂದುಕೊಂಡೆ. ಅತ್ತಿ ನನ್ನನ್ನು ಅಡಿಗೆಮನೆಗೆ ಕರೆದು ಪಿಸುಗುಟ್ಟಿದರು. "ನಿಮ್ಮ ಮಾವನ್ನ ನೀ ಏನ ತಿಳದೀ? ತಮ್ಮ ಸತ್ತಾಗ ಒಂದ ಹನಿ ಹಾಕಲಿಲ್ಲ. ಪೋಥ್ಯಾಗಿನ ರಾಣಿ ಕಾಡಿಗಿ ಹೋದ್ಲಂದ್ರ ಮಾತ್ರ ಧೋತರ ತೊಯ್ಯೂವಂಗ ಅಳತಾರ. ವರ್ಷಾ ಅಳತಾರ. ಮುಂದ ಏನ ಆಗ್ತೈತಂತ ಗೊತ್ತಿದ್ದೂ ಅಳತಾರ."

ಮಾವನದು ಒಂದು ನೇಮ. ಜಳಕ ಮಾಡಿ, ಹಣೆಗೆ ದೇವರ ಅರಿಶಿಣ, ಭಂಡಾರ, ಹಚ್ಚಿಕೊಂಡು, ಪೋಥಿಯ ಒಂದು ಅಧ್ಯಾಯ ಓದಿಯೇ ಬಾಯಿಗೆ ತುತ್ತು. ಕಣ್ಣು ಮಂಜಾದ ಮೇಲೆ ಬೀರಪ್ಪನ ಗುಡಿಯ ಪೂಜಾರಿ ಓದುತ್ತಿದ್ದ, ಇವರು ಕೇಳುತ್ತಿದ್ದರು. ದವಾಖಾನೆಯಲ್ಲಿದ್ದಾಗ ಬಾಯಿಗೆ ಬರುವ ಸ್ತುತಿ ಹೇಳಿಕೊಂಡು ಹೇಗೋ ನಡೆಸಿದರು. ಶ್ರಾವಣದಲ್ಲಿ ಆ ರಿಯಾಯಿತಿ ಇಲ್ಲ. ತಿಂಗಳೊಳಗೆ ಪೋಥಿ ಮೊದಲಿನಿಂದ ಕಡೆಯತನಕ ಆಗಬೇಕು. ಇನ್ನೊಂದು ಕಟ್ಟಳೆಯೂ ಇತ್ತು, ನಮ್ಮ ಕಡೆ ಪೋಥಿ ಓದುವವರೆಲ್ಲ ಪಾಲಿಸುವಂಥದು: ಕಥೆಯಲ್ಲಿ ಯಾರಾದರೂ ಕಷ್ಟದಲ್ಲಿದ್ದಾಗ ಪೋಥಿ ಮುಚ್ಚಬಾರದು. ಅವರನ್ನು ಆ ಕಷ್ಟದಲ್ಲೇ ಬಿಟ್ಟು ನಾವೆದ್ದು ಹೋಗಿ ಉಂಡಂತಾಗುತ್ತದೆ. ಅಧ್ಯಾಯ ಮುಗಿದಿದ್ದರೂ ಮುಂದೆ ಓದುತ್ತಲೇ ಹೋಗಿ, ಅವರಿಗೊಂದು ನೆಲೆ ಕಂಡ ಮೇಲೇ ಮಂಗಳ ಹೇಳಬೇಕು.

ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ.

"ಸೊಸಿ ಮಾವನ ಮುಂದ ಕುಂತು ದನಿ ಎತ್ತಿ ಓದೂದಂದ್ರ!" ಎಂದು ಅತ್ತಿ ಗಲ್ಲಕ್ಕೆ ಬೆರಳಿಟ್ಟರು. ನಾನು ಮದುವೆಯಾದಂದಿನಿಂದ ಮಾವನೆದುರು ಸೆರಗು ಹೊದ್ದು, ಬಾಗಿಲ ಮರೆಯಿಂದಲೇ ಮಾತಾಡಿದವಳು.

"ಅವರಿಗಿ ಕಾಣಬೇಕಲ್ಲ ಅತ್ತಿ, ನಾ ಮುಂದ ಕುಂತದ್ದು?" ಎಂದೆ.

ಅತ್ತಿ ಗಲ್ಲದ ಬೆರಳು ತೆಗೆದರು. "ಅದೂ ಖರೇನ. ಪಟ್ಟಿ ಕಟ್ಟಿದವರು ಛಲೋ ಕಟ್ಯಾರ."

ಸಣ್ಣ ಕೂಸು ಇನ್ನೂ ಹಾಲು ಕುಡಿಯುತ್ತಿತ್ತು, ಆದ್ದರಿಂದ ತಿಂಗಳ ಮೈಲಿಗೆಯ ತೊಡಕೂ ನನಗಿರಲಿಲ್ಲ. ಒಂದು ದಿನವೂ ತಪ್ಪದೆ ಪೋಥಿ ಮುಟ್ಟಬಹುದಿತ್ತು. ದೇವರು ಸಣ್ಣ ಸಣ್ಣ ದಯೆಗಳನ್ನು ಹೀಗೆ ಸದ್ದಿಲ್ಲದೆ ಜೋಡಿಸಿಟ್ಟಿರುತ್ತಾನೆ. ನಾವು ಎಣಿಸಿಕೊಳ್ಳಬೇಕಷ್ಟೆ.

ಮಡಚಿದ ಕಂಬಳಿಯ ಮೇಲೆ ಪೋಥಿ, ಪಕ್ಕದಲ್ಲಿ ಎಣ್ಣೆದೀಪ. ಮೊದಲ ದಿನ ನಾನು ಓದಿದ್ದು ಇವತ್ತು ನೆನೆದರೂ ನಗು ಬರುತ್ತದೆ. ಅಕ್ಷರ ತಪ್ಪಲಿಲ್ಲ, ತಡವರಿಸಲಿಲ್ಲ. ಆದರೆ ಜೀವವೇ ಇಲ್ಲ. ಒಲೆಯ ಮೇಲೆ ಬೇಳೆ ಉಕ್ಕೀತೇ, ಕೂಸು ಎದ್ದೀತೇ ಎಂದು ಮನಸ್ಸು ಮನೆಯೆಲ್ಲ ಓಡಾಡುತ್ತಿತ್ತು. ಮಂಗಳ ಹೇಳಿ ಮುಚ್ಚಿದೆ.

ಮಾವ ಅತ್ತಿಯ ಕಡೆ ತಿರುಗಿದರು. ನನ್ನ ಜೊತೆ ನೇರ ಮಾತಾಡುವ ರೂಢಿ ಅವರಿಗೂ ಇರಲಿಲ್ಲ. "ಸೊಸಿ ಛಲೋ ಓದ್ತಾಳ. ರಾಜನ ಪಟ್ಟಾಭಿಷೇಕ ಓದಿದ್ಲು, ನಾ ಸಂತ್ಯಾಗ ಉಳ್ಳಾಗಡ್ಡಿ ಧಾರಣಿ ಕೇಳಿದಂಗಾತು. ಹಿಂಗ ಓದಂತ ಹೇಳು. ಕಣ್ಣಿಗಿ ತ್ರಾಸ ಇಲ್ಲ."

ಅತ್ತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನನಗೆ ಸಿಟ್ಟೂ ಬಂತು, ನಿಶ್ಚಿಂತೆಯೂ ಆಯಿತು. ಸಪ್ಪೆ ಓದೇ ಔಷಧವಾದರೆ ನನ್ನಷ್ಟು ಒಳ್ಳೆಯ ಓದುಗಾರ್ತಿ ಅವರಿಗೆ ಎಲ್ಲಿ ಸಿಕ್ಕಾಳು!

ಓದು ಮುಗಿಸಿ ಹೊರಗೆ ಬಂದರೆ ಕಾಶೀಬಾಯಿ. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ. ನನ್ನ ದನಿ ಕೇಳಿಸುತ್ತಿತ್ತು, ಕಥೆ ಕೈಗೆ ಸಿಗುತ್ತಿರಲಿಲ್ಲ. "ಕಾಯ ಝಾಲಂ ಗಂ ಆಜ?" ಎಂದು ಕೇಳಿದಳು, ಇವತ್ತೇನಾಯಿತೇ ಅಂತ. ಹೇಳಲು ಹೋದರೆ ನನಗೇ ನೆನಪಿಲ್ಲ! ಈಗಷ್ಟೇ ಓದಿದ್ದು. ರಾಜನಿಗೆ ಎಷ್ಟು ಮಕ್ಕಳು ಎಂದರೆ ಗೊತ್ತಿಲ್ಲ, ರಾಣಿ ಯಾವ ಊರವಳು ಎಂದರೆ ಗೊತ್ತಿಲ್ಲ. ಕಾಶೀಬಾಯಿ ಎಲೆ ಸುತ್ತುತ್ತ, "ನೀ ಓದ್ತಿ ಅಂತಾ ದೀಪ ಹಚ್ಚತಾರ, ದೀಪಕ್ಕರ ಏನರ ತಿಳೀತದ ನೋಡು," ಎಂದು ತನ್ನ ಮುರುಕು ಕನ್ನಡದಲ್ಲಿ ಅಂದೇಬಿಟ್ಟಳು. ನಾಚಿಕೆಯಾಯಿತು. ಮರುದಿನದಿಂದ, ಅವಳಿಗೆ ಹೇಳಬೇಕಲ್ಲ ಎಂದು ಕಿವಿಗೊಟ್ಟು ಓದತೊಡಗಿದೆ. ನನ್ನ ಓದಿಗೆ ನಾನೇ ಕಿವಿಗೊಡುವುದು ಎಂದರೆ ವಿಚಿತ್ರ, ಆದರೆ ಆದದ್ದು ಹಾಗೆಯೇ. ಬೀಡಿ ಕಟ್ಟುವವಳ ಮುಂದೆ ಕೂತು, ಕೂಸಿಗೆ ಹಾಲು ಕೊಡುತ್ತ, ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ಅರ್ಧ ಕಥೆ ಹೇಳುವೆ. ಎಲ್ಲಿ ನಿಲ್ಲಿಸಿದರೂ "ಪುಢಂ?" ಎನ್ನುವಳು. ಮುಂದೆ ಏನು? ಮುಂದೆ ಏನಾಗುತ್ತದೆಂದು ಒಂದು ದಿನ ನನಗೇ ತಡೆಯಲಾಗಲಿಲ್ಲ.

ಅಂದು ಹೊರಗೆ ಜಿಟಿಜಿಟಿ ಮಳೆ. ಮಕ್ಕಳು ಮಲಗಿದ್ದವು, ಅತ್ತಿಗೂ ಜೋಂಪು. ಕೈಕಾಲು ತೊಳೆದುಕೊಂಡು ಪೋಥಿ ಬಿಚ್ಚಿದೆ, ಯಾರಿಗೂ ಅಲ್ಲ, ನನಗೇ. ಎರಡು ವರ್ಷದಲ್ಲಿ ಮೊದಲ ಸಲ. ರಾಣಿಯ ಮದುವೆಯ ಅಧ್ಯಾಯ ಮರುದಿನದ್ದು, ಅದನ್ನು ದಾಟಿ ಓದಿದೆ. ಮುಂದಿನದರಲ್ಲಿ ರಾಣಿಯನ್ನು ಎಳೆಗೂಸಿನ ಸಮೇತ ಊರು ಬಿಡಿಸುತ್ತಾರೆ. ಬನ್ನಿಯ ಟೊಂಗೆಗೆ ಸೀರೆಯ ತೊಟ್ಟಿಲು ಕಟ್ಟಿ, ಕೂಸು ಮಲಗಿಸಿ, ನೀರು ಹುಡುಕಿಕೊಂಡು ಹೋಗುತ್ತಾಳೆ. ಬೊಗಸೆಯಲ್ಲಿ ನೀರು ಹಿಡಿದುಕೊಂಡು ಬಂದು ನೋಡಿದರೆ ತೊಟ್ಟಿಲು ಖಾಲಿ. ಆಮೇಲೆ ಪುಟ ಪುಟ ಅವಳ ಹುಡುಕಾಟ. ನನ್ನ ಕಣ್ಣೀರು ಪೋಥಿಯ ಮೇಲೆ ಬಿದ್ದೀತೆಂದು ಹಿಂದೆ ಸರಿದು ಕೂತೆ. ಓದಿ ಅತ್ತು ಎಷ್ಟು ಕಾಲವಾಗಿತ್ತು! ಹೋದ ರುಚಿ ತಿರುಗಿ ಬಂದಿದೆಯೆಂದು ಖುಷಿಯಾಗುವಷ್ಟರಲ್ಲಿ ಮಾವನ ಪಟ್ಟಿ ನೆನಪಾಯಿತು. ಈ ದನಿಯಲ್ಲಿ ಇದನ್ನು ನಾಡಿದ್ದು ಮಾವನಿಗೆ ಓದಿದರೆ? ಉಳ್ಳಾಗಡ್ಡಿ ಧಾರಣೆಯಂತೆ ಓದುವುದು ಇನ್ನು ನನ್ನಿಂದ ಆಗದು. ಕೂಸು ಸಿಗುವತನಕ ಪೋಥಿ ಮುಚ್ಚುವಂತೆಯೂ ಇಲ್ಲ. ಅಷ್ಟೂ ಹೊತ್ತು ಅವರು ಅಳುತ್ತಾರೆ. ಇರುವುದು ಒಂದೇ ಕಣ್ಣು.

ಮದುವೆಯ ಅಧ್ಯಾಯವನ್ನು ಮರುದಿನ ಓದಿದೆ. ಅದರ ಮರುದಿನ ದೀಪ ಹಚ್ಚಿ, ಭಂಡಾರ ಇಟ್ಟು, ಪುಟ ಮುಂದೆ ತಿರುವದೆ ಮತ್ತೆ ಅದೇ ಮದುವೆ ತೆಗೆದೆ.

ಹಂದರದ ವರ್ಣನೆ ಬರುತ್ತಲೇ ಮಾವ ಕೈ ಎತ್ತಿದರು. "ಇದು ನಿನ್ನಿ ಆಗೈತಿ."

ರೂಢಿ ಬಿಟ್ಟು ನಾನೇ ನೇರ ಹೇಳಿದೆ. "ಹೌದರಿ ಮಾವಾರ. ಇವತ್ತೂ ಅದನ್ನ ಓದ್ತೀನಿ. ಪಟ್ಟಿ ಬಿಚ್ಚೂತನಕ ದಿನಾ ಅದನ್ನ ಓದ್ತೀನಿ. ದಿನಕ್ಕ ಒಂದ ಅಧ್ಯಾಯ ಅಂತ ನಿಮ್ಮ ನೇಮ. ಹೊಸಾದ ಆಗಬೇಕಂತ ಏನಿಲ್ಲಲ್ಲ?"

"ಶ್ರಾವಣದಾಗ ಪೋಥಿ ಮುಗೀಬೇಕು."

"ಮುಂದಿಂದ ಓದಿದ್ರ ನೀವು ಅಳತೀರಿ."

"ಅಳೂದಿಲ್ಲ."

"ಅಳತಾರ," ಎಂದರು ಅತ್ತಿ.

ಮಾವನ ಮುಖ ಗಟ್ಟಿಯಾಯಿತು. "ಪೋಥಿ ಅಂದ್ರ ಆಟಿಗಿ ಅಲ್ಲ, ಬೇಕಾದಲ್ಲಿ ನಿಲ್ಸಾಕ. ಅದು ಮುಂದ ಹೋಗಲಿಲ್ಲಂದ್ರ ನನಗ ಊಟಾ ಬ್ಯಾಡ." ಗೋಡೆಯ ಕಡೆ ಹೊರಳಿ ಮಲಗಿಬಿಟ್ಟರು.

ಅಂದು ಮಧ್ಯಾಹ್ನ ಮೆತ್ತಗೆ ರವೆಯ ಸಜ್ಜಕ ಮಾಡಿಟ್ಟೆ, ಮುಟ್ಟಲಿಲ್ಲ. ಸಂಜೆ ಹಾಲು ಕೊಟ್ಟರೆ ಅದೂ ಬೇಡ. ಮಿಲ್ಲಿನಿಂದ ಬಂದ ನಮ್ಮ ಮನೆಯವರು "ಓದಿ ಮುಗಸಬಾರದೇನು, ಹಿರಿಯ ಮನಶಾ ಉಪವಾಸ ಕುಂತಾನ," ಎಂದು ನನ್ನನ್ನೇ ಗದರಿದರು. ನಾನು ಬಗ್ಗಲಿಲ್ಲ. ಒಳಗೊಳಗೆ ಹೆದರಿಕೆ ಇರಲಿಲ್ಲವೆಂದಲ್ಲ. ಆದರೆ ಹಸಿವಿನಿಂದ ಸೊರಗಿದ್ದನ್ನು ನಾಲ್ಕು ದಿನ ಉಣಿಸಿ ತಿದ್ದಬಹುದು, ಕಣ್ಣು ಹೋದರೆ ತಿದ್ದುವುದು ಹೇಗೆ? ಸಿದ್ಧೇಶ್ವರನ ಮುಂದೆ ದೀಪ ಹಚ್ಚಿ, "ಓದಾಕ ಅವರ ಕಣ್ಣು ಉಳೀಬೇಕಂದ್ರ ಓದು ತಡಾ ಆಗಬೇಕು. ಇದು ನಿನಗ ತಿಳೀತೈತಿ, ಅವರಿಗೂ ತಿಳಿಸು," ಎಂದು ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ನಾನು ಪೋಥಿ ಬಿಚ್ಚಿ ಮತ್ತೆ ಹಂದರಕ್ಕೇ ಕೈ ಹಾಕಿದೆ. ಮಾವನ ತುಟಿ ಒಣಗಿತ್ತು. ಆಗ ಅತ್ತಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದವರು, ತಲೆ ಎತ್ತದೆ ಅಂದರು:

"ಅಲ್ಲರಿ, ಆ ಹೆಣಮಗಳ್ನ ಕಾಡಿಗಿ ಅಟ್ಟಾಕ ನಿಮಗ ಇಷ್ಟ ಅವಸರ ಯಾಕ? ಈಗರ ಮದಿವಿ ಆಗೈತಿ. ಮೈಮ್ಯಾಲಿನ ಅರಿಶಿಣಾ ಆರಿಲ್ಲ. ನಾಕ ದಿನಾ ಹೋಳಗಿ ಉಂಡು ಸುಖದಾಗ ಇರಲಿ ಬಿಡ್ರಿ. ಕಾಡು ಎಲ್ಲಿ ಓಡಿ ಹೋಗ್ತೈತಿ?"

ಮಾವನ ಎದೆ ಅಲುಗಿತು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ. ಅಲ್ಲ, ನಗು. ತಡೆದುಕೊಂಡ ನಗು. ಒಂದು ಕೈಯಿಂದ ಪಟ್ಟಿ ಒತ್ತಿ ಹಿಡಿದು, "ಏ, ನಗಸಬ್ಯಾಡ, ನಗೂದೂ ಬ್ಯಾಡಂದಾರ ಡಾಕ್ಟರ," ಎಂದರು. ಆಮೇಲೆ ಉಸಿರು ಬಿಟ್ಟು, "ಓದವ್ವ. ಆಗಲಿ ಆಕಿ ಮದಿವಿ," ಎಂದರು. ಅವರು ನನ್ನನ್ನು ಅವ್ವ ಎಂದು ಕರೆದದ್ದು ಅದೇ ಮೊದಲು. ಓದಿ ಮುಗಿಸಿ ಸಜ್ಜಕ ಕೊಟ್ಟೆ. ಎರಡು ಬಟ್ಟಲು ಉಂಡರು.

ಅಲ್ಲಿಂದ ಮುಂದೆ ಆ ಶ್ರಾವಣವೆಲ್ಲ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಮದುವೆ. ಕಾಶೀಬಾಯಿ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಬೀಡಿಯ ಮೊರ ಬಿಟ್ಟು ಎದ್ದೇ ಬಂದಳು. "ಆಜ ಪಣ ಲಗ್ನ? ಕಿತೀ ನವರೇ ಆಹೇತ ಹಿಲಾ?" ಇವತ್ತೂ ಮದುವೆಯೇ, ಎಷ್ಟು ಮಂದಿ ಗಂಡಂದಿರು ಇವಳಿಗೆ, ಅಂತ! ಒಳಗಿನಿಂದ ಮಾವನ ದನಿ ಬಂತು: "ಏಕಚ ಆಹೇ, ಬಾಯೀ. ಒಬ್ಬನ. ಅವಗ ಪಾಪ ತಾಳಿ ಕಟ್ಟಿ ಕಟ್ಟಿ ಕೈ ಸೋತ ಹೋಗ್ಯಾವ."

ಅದೇ ಅಧ್ಯಾಯ ಮತ್ತೆ ಮತ್ತೆ ಓದಿದರೆ ಬೇಸರವಾಗುತ್ತದೆಂದು ತಿಳಿದಿದ್ದೆ. ಆಗಲಿಲ್ಲ. ಚಿಕ್ಕಂದಿನಲ್ಲಿ ನಾನು ಓದಿದ್ದೆಲ್ಲ ಓಡುತ್ತ ಓದಿದ್ದು, ಮುಂದೇನು ಮುಂದೇನು ಎಂದು. ಈಗ ಮುಂದೆ ಹೋಗುವಂತಿಲ್ಲ, ಇದ್ದಲ್ಲೇ ಇರಬೇಕು. ಹಾಗೆ ಇದ್ದಾಗ ಕಾಣದ್ದೆಲ್ಲ ಕಂಡಿತು. ಮೆರವಣಿಗೆಯ ಕುದುರೆ ಗದ್ದಲಕ್ಕೆ ಬೆದರಿ ನೀರು ಕುಡಿಯದೆ ನಿಂತದ್ದು ಕಂಡಿತು. ರಾಣಿಯ ತಾಯಿ, ಎಲ್ಲರೂ ಅಕ್ಷತೆ ಹಾಕುವಾಗ, ಕಂಬದ ಹಿಂದೆ ಒಬ್ಬಳೇ ನಿಂತದ್ದು ಕಂಡಿತು. ಅವಳ ಬಗ್ಗೆ ಇದ್ದದ್ದು ಒಂದೇ ಸಾಲು. ನಾಲ್ಕಾರು ಸಲ ಅದರ ಮೇಲೇ ಹಾಯ್ದು ಹೋಗಿದ್ದೆ. ನಮ್ಮವ್ವ ನನ್ನ ಮದುವೆಯಲ್ಲಿ ಎಲ್ಲಿ ನಿಂತಿದ್ದಳು ಎಂದು ಅವತ್ತು ರೊಟ್ಟಿ ತಟ್ಟುತ್ತ ಯೋಚಿಸಿದೆ. ನೆನಪಾಗಲಿಲ್ಲ. ಮುಂದಿನ ಸಲ ಅಕ್ಕಲಕೋಟೆಗೆ ಹೋದಾಗ ಕೇಳಿದರೆ, "ಒಲಿ ಮುಂದ. ಹೋಳಗಿ ಹೊತ್ತತಿದ್ದು," ಎಂದಳು.

ಅಮಾವಾಸ್ಯೆ ಬಂತು, ಶ್ರಾವಣ ಹೋಯಿತು. ಪೋಥಿ ಮುಗಿಯಲಿಲ್ಲ. ಮಾವ ಅದರ ಮಾತು ಎತ್ತಲಿಲ್ಲ. ಅವರು ಬೀರಪ್ಪನ ಹತ್ತಿರ ಅದನ್ನು ಹೇಗೆ ಬಗೆಹರಿಸಿಕೊಂಡರೋ ನನಗೆ ಗೊತ್ತಿಲ್ಲ.

ಪಟ್ಟಿ ಬಿಚ್ಚುವ ದಿನ ನಾನೂ ದವಾಖಾನೆಗೆ ಹೋಗಿದ್ದೆ. ಡಾಕ್ಟರರು ಅರೆಗತ್ತಲೆಯ ಕೋಣೆಯಲ್ಲಿ ಕೂರಿಸಿ, ಹತ್ತಿ ಅದ್ದಿ ರೆಪ್ಪೆ ತೊಳೆದು, ದಪ್ಪ ಗಾಜಿನ ಚಷ್ಮಾ ಹಾಕಿದರು. ಮಾವ ಕಣ್ಣು ತೆರೆದರು. ಅವರು ಕತ್ತು ನಿಧಾನವಾಗಿ ಹೊರಳಿಸಿ ದೃಷ್ಟಿಯನ್ನು ಅತ್ತಿಯ ಮೇಲೆ ನಿಲ್ಲಿಸಿದರು.

"ಎಷ್ಟ ಮುದುಕಿ ಆಗೀ ಅಲ್ಲ," ಎಂದರು.

"ನಿಮ್ಮ ಮಾರಿ ಕನ್ನಡ್ಯಾಗ ನೋಡಕೋರಿ ಮೊದಲ," ಎಂದರು ಅತ್ತಿ, ಅಳುತ್ತ.

ನಾನು ಗಡಬಡಿಸಿ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿದೆ. ತಿಂಗಳಿಡೀ ಎದುರು ಕೂತು ವಾದ ಮಾಡಿದವಳು ಮತ್ತೆ ಸೊಸೆಯಾದೆ. ಒಳಗೆ ಮಾವ ಕೇಳುವುದು ಕೇಳಿಸಿತು, "ಸಾಹೇಬರ, ಇನ್ನ ಅಳಬಹುದೇನ್ರಿ?" ಯಾರೋ ಅದನ್ನು ಮರಾಠಿಯಲ್ಲಿ ತಿಳಿಸಿದರು. ಡಾಕ್ಟರರು ನಕ್ಕರು. "ಆತಾ ಖುಶಾಲ ರಡಾ, ಆಜೋಬಾ." ಇನ್ನು ಬೇಕಾದಷ್ಟು ಅಳಿ ಅಜ್ಜಾ, ಆದರೆ ಸ್ವಂತ ಓದುವುದು ಮಾತ್ರ ದೀಪಾವಳಿ ಕಳೆದ ಮೇಲೆ, ಎಂದರಂತೆ.

ಮರುದಿನ ಬೆಳಿಗ್ಗೆ ದೀಪ ಹಚ್ಚಿ, ಪೋಥಿ ಇಟ್ಟು, ಎಂದಿನಂತೆ ಕೂರಲು ಹೋದವಳು ತಡೆದೆ. ಮಾವ ಚಷ್ಮಾ ಹಾಕಿಕೊಂಡು ಎದುರಿಗೇ ಇದ್ದರು. ಕಾಲು ಮುಂದೆ ಬರಲಿಲ್ಲ. ಅಡಿಗೆಮನೆಯ ಬಾಗಿಲಲ್ಲೇ ನಿಂತೆ. ಅತ್ತಿ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು.

ಮಾವ ಎದ್ದರು. ತಾವು ಕೂತಿದ್ದ ಕಂಬಳಿಯನ್ನು ಎತ್ತಿ ಕೊಡವಿ, ಗೋಡೆಯ ಕಡೆ ಹಾಸಿ, ಗೋಡೆಗೆ ಮುಖ ಮಾಡಿ ಕೂತರು.

"ಬಾರವ್ವ," ಎಂದರು. "ಬೆನ್ನಿಗೇನ ಕಣ್ಣಿಲ್ಲ ನನಗ. ಕಾಡಿನ ಅಧ್ಯಾಯ ತಗಿ."

ತೆಗೆದೆ. ಊರ ಬಾಗಿಲು ದಾಟಿದ ರಾಣಿ ಹಿಂತಿರುಗಿ ನೋಡಲಿಲ್ಲ. ಬನ್ನಿಯ ಗಿಡ ಬಂತು, ಸೀರೆಯ ತೊಟ್ಟಿಲು ಬಂತು. ಬೊಗಸೆಯಿಂದ ನೀರು ಸೋರಿ ಮುಗಿಯುವ ಮೊದಲು ಮುಟ್ಟಬೇಕೆಂದು ಅವಳು ಓಡುವುದು ಬಂತು. ನನ್ನ ಕೂಸು ಪಕ್ಕದಲ್ಲೇ ಅತ್ತಿಯ ತೊಡೆಯ ಮೇಲೆ ಕಾಲು ಝಾಡಿಸುತ್ತಿತ್ತು. ಖಾಲಿ ತೊಟ್ಟಿಲಿನ ಸಾಲಿಗೆ ಬಂದಾಗ ಅಕ್ಷರ ಕಾಣದಾದವು. ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಮತ್ತೆ ತುಂಬಿದವು. ಮಾವನ ಬೆನ್ನು ಅಲುಗುತ್ತಿತ್ತು.

ತಿರುಗದೆಯೇ, ಒದ್ದೆಯಾದ ದನಿಯಲ್ಲಿ ಅಂದರು:

"ಓದು ತಾಯಿ. ಕೂಸು ಇನ್ನಾ ಸಿಕ್ಕಿಲ್ಲ."

ಓದಿದೆ. ಒಂದು ಅಧ್ಯಾಯ ಮುಗಿಯಿತು, ಕೂಸು ಸಿಗಲಿಲ್ಲ, ಎರಡನೆಯದು ಹಿಡಿದೆ. ಅತ್ತಿ ಎದ್ದು ದೀಪಕ್ಕೆ ಎಣ್ಣೆ ಹಾಕಿದರು. ಹೊತ್ತು ನೆತ್ತಿಗೇರಿತು, ಒಲೆಯ ಬೆಂಕಿ ಆರಿತು, ಯಾರಿಗೂ ಹಸಿವಾಗಲಿಲ್ಲ. ಮೂರನೆಯ ಅಧ್ಯಾಯದ ನಡುವೆ, ಒಬ್ಬ ಮುದುಕಿಯ ಗುಡಿಸಲಲ್ಲಿ, ಆಡಿನ ಹಾಲು ಕುಡಿಯುತ್ತ, ಕೂಸು ಸಿಕ್ಕಿತು. ರಾಣಿ ಅದನ್ನು ಎದೆಗೆ ಹಚ್ಚಿಕೊಂಡಳು. ನಾನು ಮಂಗಳ ಹೇಳಿ ಪೋಥಿ ಮುಚ್ಚಿ ಹಣೆಗೆ ಒತ್ತಿಕೊಂಡೆ.

ಹೊರಗಿನಿಂದ ಕಾಶೀಬಾಯಿ ಕೂಗಿದಳು, "ನಳಾಲಾ ಪಾಣೀ ಆಲಂ ಗಂ, ನೀಲವ್ವಾ!" ನಳಕ್ಕೆ ನೀರು ಬಂದರೆ ಅರ್ಧ ತಾಸು, ನಿಂತರೆ ಮತ್ತೆ ಸಂಜೆಗೇ. ಮುಖ ಒರೆಸಿಕೊಂಡು ಎರಡು ಕೊಡ ಎತ್ತಿಕೊಂಡೆ, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ನಳದ ಕೆಳಗಿಟ್ಟೆ.